ಮನಸ್ಸು ಸರಿಯಿಲ್ಲದಾಗ ಎಲ್ಲಿಗೆ ಹೋಗುವುದು, ಏನು ಹೇಳುವುದು: ಕಾಸರಗೋಡಿನ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಚೀಟಿ ಮಾಡಿಸಿ ‘ಗ್ಯಾಸ್’ ಅಂತ ಆಸ್ಪತ್ರೆಯ ಸಾಲಿನಲ್ಲಿ ನಿಂತವರಲ್ಲಿ ಕೆಲವರ ಹೊಟ್ಟೆಗೆ ಏನೂ ಆಗಿರುವುದಿಲ್ಲ. ಎದೆ ಡವಡವ ಅನ್ನುತ್ತದೆ. ಕೈಕಾಲು ಸೋಲುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇಸಿಜಿ ಸರಿ ಇದೆ, ಸ್ಕ್ಯಾನ್ ಸರಿ ಇದೆ, ಎಂಡೋಸ್ಕೋಪಿಯಲ್ಲೂ ಏನಿಲ್ಲ. ಮತ್ತೊಂದು ಗ್ಯಾಸ್ ಮಾತ್ರೆ ಬರೆದುಕೊಡುತ್ತಾರೆ, ಹೀಗೇ ವರ್ಷ ಕಳೆಯುತ್ತದೆ. ಮನಸ್ಸಿನ ಬಗ್ಗೆ ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ಕೇರಳವೂ ಅದರಲ್ಲಿತ್ತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹತ್ತು ಜನರಲ್ಲಿ ಒಬ್ಬರು ಅಂತಾಯಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಚಿಕಿತ್ಸೆ ಸಿಗದಿರುವುದಕ್ಕೆ ಕಾರಣ ಹಲವು. ಕಾಸರಗೋಡಿನಲ್ಲಿ ಡಾಕ್ಟರ ಕೊರತೆಗಿಂತ ದೊಡ್ಡ ಅಡ್ಡಿ, ಒಳಗಿರುವುದನ್ನು ಹೇಳಲು ಆಗದಿರುವುದು ಅಂತ ನನ್ನ ಅನಿಸಿಕೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಮರಾಠಿ. ಶಾಲೆಯಲ್ಲಿ ಕನ್ನಡ. ಆಸ್ಪತ್ರೆಯಲ್ಲಿ ಮಲಯಾಳ. ಕೈ ಮುರಿದರೆ ಎಕ್ಸ್‌ರೇ ತೋರಿಸುತ್ತದೆ, ಮಾತು ಬೇಡ. ಥೆರಪಿಯಲ್ಲಿ, ಅಂದರೆ ಮಾತಿನ ಮೂಲಕ ನಡೆಯುವ ಚಿಕಿತ್ಸೆಯಲ್ಲಿ, ಮಾತೇ ಎಕ್ಸ್‌ರೇ. ಹಾಗಾಗಿ ಈ ಬರಹದಲ್ಲಿ ‘ಎಲ್ಲಿಗೆ ಹೋಗುವುದು’ ಎಂಬಷ್ಟೇ ಜಾಗವನ್ನು ‘ಹೋಗಿ ಏನು ಹೇಳುವುದು’ ಎಂಬುದಕ್ಕೂ ಕೊಟ್ಟಿದ್ದೇನೆ.

ಮೊದಲು ಇದು: ಈಗಲೇ ಸಹಾಯ ಬೇಕಿದ್ದರೆ

ನಿಮಗೋ ನಿಮ್ಮವರಿಗೋ ಸಾಯಬೇಕು ಅನ್ನಿಸುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಮಾನಸಿಕ ಆರೋಗ್ಯದ ಸಹಾಯವಾಣಿ ‘ಟೆಲಿ ಮನಸ್’ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕೇರಳ ಆರೋಗ್ಯ ಇಲಾಖೆಯ ‘ದಿಶಾ’ 1056 ಕೂಡ ಹಾಗೆಯೇ. ಆಗಲೇ ಏನಾದರೂ ಮಾಡಿಕೊಂಡಿದ್ದರೆ 108ಕ್ಕೆ ಆಂಬುಲೆನ್ಸ್, ಇಲ್ಲವೇ 112. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಿಷದ ಬಾಟಲಿಯನ್ನೋ ಪ್ಯಾಕೆಟನ್ನೋ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ.

ಮನೆಯವರು ಮಾಡಬೇಕಾದದ್ದು ಮೂರು. ನೇರವಾಗಿ ಕೇಳಿ: “ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?” ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ಬೇಡ, ಬರುವುದಿಲ್ಲ. ಎಷ್ಟೋ ಜನರಿಗೆ ಯಾರಾದರೂ ಕೇಳಿದ್ದೇ ಸಮಾಧಾನ. ಎರಡನೆಯದು, ಅವರನ್ನು ಒಂಟಿಯಾಗಿ ಬಿಡಬೇಡಿ. ಮೂರನೆಯದು, ಕಳೆನಾಶಕ, ಇಲಿಪಾಷಾಣ, ಜಾಸ್ತಿ ಇರುವ ಮಾತ್ರೆ ಇವನ್ನೆಲ್ಲ ಮನೆಯಿಂದ ಆಚೆ ಸಾಗಿಸಿ. ತೋಟದ ಮನೆಗಳಲ್ಲಿ ಔಷಧಿ ಬಿಡುವ ಸಾಮಾನು ಜಗಲಿಯ ಮೂಲೆಯಲ್ಲೇ ಇರುತ್ತದೆ, ಅಲ್ವಾ? ಆ ಗಳಿಗೆ ದಾಟಿದರೆ ಬದುಕುವವರು ತುಂಬ ಮಂದಿ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಮುಖ್ಯ.

ಕೇಸಾಗುತ್ತದೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹಿಂಜರಿಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಬದಲಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಹೆಜ್ಜೆ 1: ಎರಡು ವಾರ ಗಮನಿಸಿ, ಬರೆದಿಡಿ

ಬೇಜಾರು ಎಲ್ಲರಿಗೂ ಆಗುತ್ತದೆ. ಆಟಿ ತಿಂಗಳ ಮಳೆಯಲ್ಲಿ, ಮಕ್ಕಳೆಲ್ಲ ಬೆಂಗಳೂರಲ್ಲೋ ದುಬೈಯಲ್ಲೋ ಇರುವಾಗ, ದೊಡ್ಡ ಮನೆಯಲ್ಲಿ ಇಬ್ಬರೇ ಕೂತರೆ ಯಾರಿಗಾದರೂ ಮನಸ್ಸು ಭಾರವಾಗುತ್ತದೆ. ಅದಕ್ಕೆಲ್ಲ ಡಾಕ್ಟರ ಹತ್ತಿರ ಓಡಬೇಕಾಗಿಲ್ಲ. ಎರಡು ವಾರ ದಾಟಿದ ಮೇಲೂ ಹೆಚ್ಚಿನ ದಿನ, ದಿನದ ಹೆಚ್ಚಿನ ಹೊತ್ತು ಅದೇ ಸ್ಥಿತಿ ಇದ್ದರೆ, ಅದರಿಂದ ಕೆಲಸ, ಊಟ, ನಿದ್ದೆ ಕೆಟ್ಟರೆ, ಆಗ ತೋರಿಸಲೇಬೇಕು. ಖಿನ್ನತೆಯನ್ನು ಗುರುತಿಸುವಾಗ ವೈದ್ಯರು ನೋಡುವುದೂ ಎರಡು ವಾರದ ಅವಧಿಯನ್ನೇ.

ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ. ಎಷ್ಟು ಗಂಟೆ ನಿದ್ದೆ. ಊಟ ಸೇರಿತೋ ಇಲ್ಲವೋ. ಯಾರ ಹತ್ತಿರವಾದರೂ ಮಾತಾಡಿದಿರಾ. ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತಿದೆಯಾ. ಈ ಕೊನೆಯದು ಬಹಳ ಮುಖ್ಯ, ಆದರೆ ಯಾರೂ ಗಮನಿಸುವುದಿಲ್ಲ. ಆಟದ ಹುಚ್ಚಿದ್ದವರು ಪಕ್ಕದೂರಿನ ಯಕ್ಷಗಾನಕ್ಕೂ ಹೋಗದೆ ಮಲಗಿದರೆ ಮನೆಯವರು ‘ವಯಸ್ಸಾಯಿತು’ ಅನ್ನುತ್ತಾರೆ. ಖಿನ್ನತೆ ಎಂದರೆ ಅಳು ಅಂತ ನಾವು ತಿಳಿದಿದ್ದೇವೆ. ಗಂಡಸರಲ್ಲಿ ಅದು ಸಿಟ್ಟಾಗಿಯೋ ಕುಡಿತವಾಗಿಯೋ ಕಾಣುವುದೂ ಉಂಟು.

ಎರಡು ವಾರ ಕಾಯಬಾರದ ಸಂದರ್ಭಗಳಿವೆ. ಯಾರೂ ಇಲ್ಲದಾಗ ಮಾತು ಕೇಳಿಸುವುದು. ಎಲ್ಲರೂ ಸೇರಿ ತನಗೆ ಏನೋ ಮಾಡುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ. ಹಲವು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿಯದೆ ಮಾತಾಡುತ್ತ, ದುಡ್ಡು ಖರ್ಚು ಮಾಡುತ್ತ ಇರುವುದು. ಬಾಣಂತಿಯ ನಡವಳಿಕೆ ದಿಢೀರ್ ಬದಲಾಗುವುದು. ದಿನಾ ಕುಡಿಯುವವರು ಥಟ್ಟನೆ ಬಿಟ್ಟಾಗ ಬರುವ ನಡುಕ, ಬಡಬಡಿಕೆ. ಇದರಲ್ಲಿ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕುಡಿತವನ್ನು ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು.

ವಯಸ್ಸಾದವರಿಗೆ ಒಂದೆರಡು ದಿನದಲ್ಲಿ ದಿಢೀರನೆ ಮರುಳು ಹಿಡಿದಂತಾದರೆ ಅದು ಬಹುಪಾಲು ಮನಸ್ಸಿನ ರೋಗ ಆಗಿರುವುದಿಲ್ಲ. ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಗೆಯೇ, ಯಾವ ವಯಸ್ಸಿನವರಾದರೂ ಒಮ್ಮೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡಿಸಿಬಿಡಿ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯ ಹಾಗೇ ಕಾಣುತ್ತದೆ.

ಹೆಜ್ಜೆ 2: ಯಾರು ಯಾರು ಅಂತ ತಿಳಿದುಕೊಳ್ಳಿ

ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ವೈದ್ಯರು. ಮಾತ್ರೆ ಬರೆಯುವವರು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ ನೋಂದಣಿ ಇರಬೇಕು. ಆ ಸಂಖ್ಯೆ ಕೇಳುವುದರಲ್ಲಿ ನಾಚಿಕೆ ಬೇಡ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಮನೆ, ಕೆಲಸ, ಪಿಂಚಣಿ, ಕುಟುಂಬದ ಜಗಳ ಇಂಥದ್ದನ್ನೂ ಸೇರಿಸಿ ನೋಡುತ್ತಾರೆ.

ಎಚ್ಚರ ಬೇಕಿರುವುದು ‘ಕೌನ್ಸೆಲರ್’ ಬೋರ್ಡಿನ ವಿಷಯದಲ್ಲಿ. ಒಳ್ಳೆಯ ಕೌನ್ಸೆಲರ್‌ಗಳು ತುಂಬ ಇದ್ದಾರೆ. ಆದರೆ ಸ್ವಲ್ಪ ದಿನದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಎಲ್ಲಿ ಓದಿದಿರಿ, ಯಾರ ಕೈಕೆಳಗೆ ಕಲಿತಿರಿ, ನಿಮ್ಮಿಂದ ಆಗದ ಕೇಸನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ನಾನಂತೂ ಯಾರನ್ನೂ ಕಳಿಸುವುದಿಲ್ಲ. ಮೊದಲ ದಿನವೇ “ಗುಣ ಮಾಡ್ತೇನೆ” ಎಂದು ಗ್ಯಾರಂಟಿ ಕೊಡುವವರ ಹತ್ತಿರವೂ ಅಷ್ಟೇ.

ಹೆಜ್ಜೆ 3: ಹತ್ತಿರದಿಂದ ಶುರು ಮಾಡಿ

ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರವೇ ಮೊದಲ ಬಾಗಿಲು. ಇಂಥ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡಲು ಕೇರಳದಲ್ಲಿ ‘ಆಶ್ವಾಸಂ’ ಎಂಬ ಕಾರ್ಯಕ್ರಮವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಕೆಲವು ನಿಗದಿತ ದಿನಗಳಲ್ಲಿ ಊರಿನ ಆಸ್ಪತ್ರೆಗಳಿಗೇ ಬರುತ್ತದೆ. ನಿಮ್ಮ ಹತ್ತಿರದ ಆಸ್ಪತ್ರೆಗೆ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಅವರಿಗೆ ಹೇಳಲು ಸಂಕೋಚವಾದರೆ, ಊರೆಲ್ಲ ಗೊತ್ತಾಗುತ್ತದೆ ಎಂಬ ಭಯವಿದ್ದರೆ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಹೆಸರು ಹೇಳಬೇಕಾಗಿಲ್ಲ.

ಮುಂದಿನ ಹಂತ ಕಾಸರಗೋಡು ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಮಕ್ಕಳ ವಿಷಯವಾದರೆ ಶಾಲೆಯ ಕೌನ್ಸೆಲರ್ ಇದ್ದಾರಾ ವಿಚಾರಿಸಿ. ತುರ್ತಿಗೆ ಚೈಲ್ಡ್‌ಲೈನ್ 1098. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮೊದಲು ಬೇಕಿರುವುದು ರಕ್ಷಣೆ, ಥೆರಪಿ ಆಮೇಲೆ. ಮಹಿಳಾ ಸಹಾಯವಾಣಿ 181, ಕುಟುಂಬಶ್ರೀಯ ನೆರವು ಕೇಂದ್ರ ‘ಸ್ನೇಹಿತ’ ಅದಕ್ಕೇ ಇರುವುದು. ಕುಡಿತ, ಗಾಂಜಾ ಬಿಡಿಸಲು ‘ವಿಮುಕ್ತಿ’ ಕೇಂದ್ರ.

ಇನ್ನು ಮಂಗಳೂರು. ನಮ್ಮವರು ತಲೆನೋವಿಗೂ ತಲಪಾಡಿ ಗಡಿ ದಾಟುವವರು. ಅಲ್ಲಿ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳು ಸಾಲಾಗಿ ಇವೆ, ತುಳು ಕನ್ನಡ ನಡೆಯುತ್ತದೆ, ಗುರುತಿನವರು ನೋಡುವ ಭಯವೂ ಕಡಿಮೆ. ಎಲ್ಲ ನಿಜ. ಮಾತ್ರೆಗೆ ತಿಂಗಳಿಗೊಮ್ಮೆ ಹೋಗಿ ಬರುವುದಾದರೆ ಧಾರಾಳವಾಗಿ ಹೋಗಿ. ಥೆರಪಿ ಹಾಗಲ್ಲ, ವಾರ ವಾರ ಹೋಗಿ ಕೂರಬೇಕು. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ವಾರಕ್ಕೊಮ್ಮೆ ಮಂಗಳೂರು ಅಂದರೆ ಒಂದು ದಿನದ ಕೆಲಸ ಹೋಯಿತು, ಬಸ್ಸಿನ ದುಡ್ಡು ಹೋಯಿತು. ನಾಲ್ಕನೇ ವಾರ ಮದುವೆ, ಐದನೇ ವಾರ ಅಡಿಕೆ ಕೊಯ್ಲು, ಅಲ್ಲಿಗೆ ನಿಂತುಹೋಗುತ್ತದೆ. ಹೆಸರುವಾಸಿ ಥೆರಪಿಸ್ಟಿನ ಹತ್ತಿರ ಮೂರು ಸಲ ಹೋಗುವುದಕ್ಕಿಂತ ಹತ್ತಿರದ ಸಾಮಾನ್ಯ ಥೆರಪಿಸ್ಟಿನ ಹತ್ತಿರ ಹನ್ನೆರಡು ಸಲ ಹೋಗುವುದು ಮೇಲು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದವರ ಪಾಡು ಏನಾಯಿತೆಂದು ಎಲ್ಲರಿಗೂ ನೆನಪಿದೆ. ಆದ್ದರಿಂದ ಅಲ್ಲಿ ತೋರಿಸುವವರೂ ಈ ಕಡೆ ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿಟ್ಟುಕೊಳ್ಳಿ.

ಎಲ್ಲಿಗೂ ಹೋಗಲಾಗದವರಿಗೆ ಟೆಲಿ ಮನಸ್ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ 20 ಭಾಷೆಗಳಲ್ಲಿದೆ, ಕನ್ನಡವೂ ಸೇರಿದೆ. ಸಾಯುವ ಯೋಚನೆ ಬಂದವರಿಗೆ ಮಾತ್ರ ಇರುವ ನಂಬರ್ ಇದಲ್ಲ. ನಿದ್ದೆ ಬರುವುದಿಲ್ಲ, ಪರೀಕ್ಷೆಯ ಹೆದರಿಕೆ, ಮಗ ಮಾತಾಡುವುದಿಲ್ಲ ಅಂತಲೂ ಕರೆ ಮಾಡಬಹುದು. ಫೋನ್ ಎತ್ತಿದವರು ಮಲಯಾಳದಲ್ಲಿ ಮಾತಾಡಿದರೆ ಇಡಬೇಡಿ, ಕನ್ನಡದವರು ಬೇಕು ಅಂತ ಹೇಳಿ.

ಹೆಜ್ಜೆ 4: ಏನು ಹೇಳಬೇಕು ಅಂತ ಮನೆಯಲ್ಲೇ ತಯಾರಾಗಿ

ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ಒಬ್ಬೊಬ್ಬರಿಗೆ ಸಿಗುವ ಹೊತ್ತು ಕಡಿಮೆ. ಆ ಹೊತ್ತಿನಲ್ಲಿ “ಮಂಡೆಬಿಸಿ” ಅಂದರೆ ಸಾಲದು. ತುಳುವಿನ ಮಂಡೆಬೆಚ್ಚವೂ ಹವ್ಯಕರ ಮಂಡೆಬೆಶಿಯೂ ಅಷ್ಟೇ. ಪಂಪು ಕೆಟ್ಟರೂ ಅದೇ ಮಾತು, ಬದುಕೇ ಬೇಡ ಅನ್ನಿಸಿದರೂ ಅದೇ ಮಾತು. ಕೇಳಿದವರಿಗೆ ಯಾವುದು ಅಂತ ಗೊತ್ತಾಗಬೇಡವೇ?

ಅದರ ಬದಲು ಅರ್ಧ ಹಾಳೆಯಲ್ಲಿ ಐದು ಸಂಗತಿ ಬರೆದುಕೊಂಡು ಹೋಗಿ. ಯಾವಾಗ ಶುರುವಾಯಿತು. ಅದಕ್ಕೂ ಮೊದಲು ಮನೆಯಲ್ಲಿ ಏನಾದರೂ ನಡೆಯಿತೇ: ಸಾವು, ಸಾಲ, ಹೆರಿಗೆ, ಜಗಳ. ಮೈಯಲ್ಲಿ ಏನಾಗುತ್ತದೆ. ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ. ಸಾವಿನ ಯೋಚನೆ ಇದೆಯೇ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಸೇರಿಸಿ, ಕಷಾಯ ಲೇಹ್ಯವನ್ನೂ ಬಿಡಬೇಡಿ. “ತುಂಬ ಬೇಜಾರು” ಅನ್ನುವ ಬದಲು “ಒಂದು ತಿಂಗಳಿಂದ ಕೊಟ್ಟಿಗೆಗೆ ಹೋಗಿಲ್ಲ, ದನಕ್ಕೆ ಹುಲ್ಲು ಹಾಕುವುದೂ ಹೆಂಡತಿಯೇ” ಅಂದರೆ ಡಾಕ್ಟರಿಗೆ ಒಮ್ಮೆಗೇ ಅರ್ಥವಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರು ಪೇಟೆಯ ಮಲಯಾಳ ಮಾತಾಡುತ್ತೇವೆ. ಮೀನು ಕೊಳ್ಳಲು ಅದು ಸಾಕು, ಒಳಗಿನ ಸಂಕಟ ಹೇಳಲು ಸಾಲದು. ಒಳನಾಡಿನ ಹಿರಿಯರಿಗೆ, ಕರ್ನಾಟಕದಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅಷ್ಟೂ ಬರುವುದಿಲ್ಲ. ಅವರಿಗಾಗಿ ಕೆಲವು ವಾಕ್ಯ ಇಲ್ಲಿವೆ, ಬಾಯಿಪಾಠ ಮಾಡಿಸಿಡಿ:

“ಕನ್ನಡ ಅರಿಯುನ್ನ ಆರೆಂಗಿಲುಂ ಉಂಡೋ?” ಕನ್ನಡ ಗೊತ್ತಿರುವವರು ಯಾರಾದರೂ ಇದ್ದಾರಾ?
“ಉರಕ್ಕಂ ಇಲ್ಲ.” ನಿದ್ದೆ ಇಲ್ಲ.
“ಮನಸ್ಸಿನ್ ಒರು ಸುಖವುಮಿಲ್ಲ.” ಮನಸ್ಸಿಗೆ ಒಂಚೂರೂ ನೆಮ್ಮದಿಯಿಲ್ಲ.
“ಮರಿಕ್ಕಾನ್ ತೋನ್ನುನ್ನು.” ಸಾಯಬೇಕು ಅನ್ನಿಸುತ್ತದೆ.
“ಎನಿಕ್ಕ್ ಡಾಕ್ಟರೋಡ್ ಒಟ್ಟಯ್ಕ್ಕ್ ಸಂಸಾರಿಕ್ಕಣಂ.” ನನಗೆ ಡಾಕ್ಟರ ಹತ್ತಿರ ಒಂಟಿಯಾಗಿ ಮಾತಾಡಬೇಕು.

ಕೊನೆಯ ವಾಕ್ಯ ಬರೀ ಭಾಷೆಯ ತೊಂದರೆಗೆ ಇರುವುದಲ್ಲ. ಸೊಸೆಯ ಮಾತನ್ನು ಅತ್ತೆ ಮಲಯಾಳಕ್ಕೆ ತಿರುಗಿಸಿ ಹೇಳಿದರೆ ಡಾಕ್ಟರಿಗೆ ಕೇಳಿಸುವುದು ಅತ್ತೆಯ ಮಾತು. ಗಂಡ ಹೇಳಿದರೂ ಅದೇ ಕಥೆ. ಮಕ್ಕಳನ್ನಂತೂ ಈ ಕೆಲಸಕ್ಕೆ ಹಚ್ಚಲೇಬೇಡಿ. ಅಮ್ಮನಿಗೆ ಸಾಯಬೇಕು ಅನ್ನಿಸುತ್ತದೆ ಎಂಬುದನ್ನು ಹತ್ತು ವರ್ಷದ ಮಗಳು ಡಾಕ್ಟರಿಗೆ ಹೇಳುವಂತಾಗಬಾರದು. ಕನ್ನಡ ಬಲ್ಲ ನರ್ಸನ್ನು ಕೇಳಿ. ಸಿಗದಿದ್ದರೆ ಮನೆಯವರಲ್ಲದ, ಗುಟ್ಟು ಬಿಟ್ಟುಕೊಡದ ಒಬ್ಬರನ್ನು ಕರೆದುಕೊಂಡು ಹೋಗಿ.

ಥೆರಪಿಗೆ ಕೂರುವಾಗ ಎಲ್ಲವನ್ನೂ ಶುದ್ಧ ಕನ್ನಡದಲ್ಲಿ ಹೇಳಬೇಕೆಂದಿಲ್ಲ. ಅಳು ಬಂದಾಗ ತುಳು ಬರುತ್ತದೆ. ಬರಲಿ. ಒಳ್ಳೆಯ ಥೆರಪಿಸ್ಟ್ ತಡೆಯುವುದಿಲ್ಲ, ಆಮೇಲೆ “ಆಗ ಏನೋ ಹೇಳಿದಿರಲ್ಲ” ಅಂತ ಕೇಳಿ ತಿಳಿದುಕೊಳ್ಳುತ್ತಾರೆ.

ಹೆಜ್ಜೆ 5: ಮೊದಲ ದಿನ

ಮಂಚದ ಮೇಲೆ ಮಲಗಿಸುವುದಿಲ್ಲ. ಎದುರುಬದುರು ಕುರ್ಚಿ, 45 ನಿಮಿಷದಿಂದ ಒಂದು ಗಂಟೆ. ಹೆಚ್ಚಿನ ಹೊತ್ತು ಪ್ರಶ್ನೆಗಳೇ: ಈಗಲೇ ಯಾಕೆ ಬಂದಿರಿ, ಮನೆಯಲ್ಲಿ ಯಾರಿದ್ದಾರೆ, ಬಾಲ್ಯ ಹೇಗಿತ್ತು, ಕುಡಿಯುತ್ತೀರಾ, ಹಿಂದೆ ಹೀಗಾಗಿತ್ತೇ. ಪೊಲೀಸ್ ವಿಚಾರಣೆ ಅನ್ನಿಸಬಹುದು. ಉತ್ತರಿಸಲು ಮನಸ್ಸಿಲ್ಲದ್ದಕ್ಕೆ “ಇದನ್ನು ಇನ್ನೊಮ್ಮೆ ಹೇಳ್ತೇನೆ” ಅಂದರೆ ಸಾಕು.

ಹೇಳಿದ್ದು ಆಚೆ ಹೋಗುತ್ತದಾ ಎಂಬುದು ಎಲ್ಲರ ಚಿಂತೆ. ಗುಟ್ಟು ಕಾಪಾಡುವುದು 2017ರ ಕಾಯ್ದೆಯಲ್ಲೇ ಇರುವ ಹಕ್ಕು. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ, ಕೋರ್ಟು ಕೇಳಿದರೆ, ಇಂಥ ಕೆಲವೇ ಸಂದರ್ಭಗಳಲ್ಲಿ ಹೇಳಬೇಕಾಗುತ್ತದೆ. ಎಲ್ಲಿಯವರೆಗೆ ಗುಟ್ಟು ಎಂದು ಮೊದಲ ದಿನವೇ ಕೇಳಿಕೊಳ್ಳಿ. ಶುಲ್ಕ ಎಷ್ಟು, ಬರಲಾಗದಿದ್ದರೆ ಮೊದಲೇ ತಿಳಿಸಬೇಕೇ, ಸುಮಾರು ಎಷ್ಟು ಸಲ ಬರಬೇಕು ಎಂಬುದನ್ನೂ ಕೇಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಮಾತ್ರೆ ಬರೆದು ಮುಂದಿನವರನ್ನು ಕರೆದರೆ ಎದ್ದು ಬರಬೇಡಿ. “ಸೈಕಾಲಜಿಸ್ಟ್ ಹತ್ತಿರ ಮಾತಾಡಬೇಕು, ಯಾವ ದಿನ ಇರ್ತಾರೆ?” ಎಂದು ಕೇಳಿ. ಕೇಳಿದವರಿಗೆ ದಿನ ಬರೆದುಕೊಡುತ್ತಾರೆ. ಕೇಳದಿದ್ದರೆ ಅಷ್ಟು ಸಾಲಿನ ನಡುವೆ ಅದು ತಪ್ಪಿಹೋಗಬಹುದು.

ಹೆಜ್ಜೆ 6: ಥೆರಪಿಯಲ್ಲಿ ನಿಜಕ್ಕೂ ಏನು ನಡೆಯುತ್ತದೆ

ಸುಮ್ನೆ ಮಾತಾಡಿದರೆ ಏನಾಗುತ್ತದೆ ಎಂದು ಕೇಳುವವರೇ ಜಾಸ್ತಿ. ಸುಮ್ನೆ ಮಾತಾಡಿದರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ, ಅಷ್ಟೇ. ಅದಕ್ಕೆ ಗೆಳೆಯರು ಸಾಕು. ಥೆರಪಿಯಲ್ಲಿ ಮಾತಿಗೆ ಒಂದು ಕ್ರಮ ಇರುತ್ತದೆ, ಮನೆಗೆ ಕೆಲಸವನ್ನೂ ಕೊಡುತ್ತಾರೆ.

ಒಂದು ಉದಾಹರಣೆ ನೋಡಿ. ಮಗ ದುಬೈಯಲ್ಲಿದ್ದಾನೆ. ಶುಕ್ರವಾರ ಫೋನ್ ಮಾಡುವವನು ಮಾಡಲಿಲ್ಲ. ಅಮ್ಮನ ತಲೆಯಲ್ಲಿ ಮೊದಲು ಬಂದದ್ದು ‘ಏನೋ ಆಗಿದೆ’. ಎದೆ ಬಡಿತ ಏರಿತು. ಮೇಲಿಂದ ಮೇಲೆ ಕರೆ ಮಾಡಿದರು, ಊಟ ಬಿಟ್ಟರು, ಮಗಳಿಗೆ ಬೈದರು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿಯಲ್ಲಿ ಇದನ್ನು ಹಾಳೆಯ ಮೇಲೆ ಬಿಡಿಸಿಡುತ್ತಾರೆ: ನಡೆದದ್ದು, ತಲೆಗೆ ಬಂದದ್ದು, ಮೈಗೆ ಆದದ್ದು, ಮಾಡಿದ್ದು. ಆಮೇಲೆ ಪ್ರಶ್ನೆ: ‘ಏನೋ ಆಗಿದೆ’ ಎಂಬುದಕ್ಕೆ ಏನು ಆಧಾರ? ಹಿಂದೆ ಕರೆ ತಪ್ಪಿದಾಗ ನಿಜಕ್ಕೂ ಏನಾಗಿತ್ತು? ಬೇರೆ ಏನು ಕಾರಣ ಇರಬಹುದು? ಮನೆಗೆಲಸವಾಗಿ, ಮುಂದಿನ ಸಲ ಕರೆ ಬರದಿದ್ದರೆ ರಾತ್ರಿ ಒಂಬತ್ತರವರೆಗೆ ತಾನಾಗಿ ಫೋನ್ ಮಾಡಬಾರದು, ಆ ಹೊತ್ತಿನಲ್ಲಿ ಎದೆಬಡಿತ ಹೇಗೆ ಏರಿ ಇಳಿಯಿತು ಎಂದು ಬರೆಯಬೇಕು. ‘ಒಳ್ಳೆಯದನ್ನೇ ಯೋಚಿಸಿ’ ಎಂಬ ಉಪದೇಶ ಇದರಲ್ಲಿಲ್ಲ. ತಲೆಗೆ ಬಂದದ್ದೆಲ್ಲ ನಿಜವಾಗಿರಬೇಕಿಲ್ಲ ಎಂಬುದನ್ನು ಅವರೇ ಪರೀಕ್ಷೆ ಮಾಡಿ ನೋಡುತ್ತಾರೆ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಿಗಾಗಿ ಈ ವಿಧಾನ ರೂಪಿಸಿದರು.

ಇನ್ನೊಂದು, ತೋಟದವರದ್ದು. ಕೊಳೆರೋಗ ಬಂದು ಅಡಿಕೆ ಉದುರಿದೆ, ಬ್ಯಾಂಕಿನ ಸಾಲ ಇದೆ. ಯಜಮಾನರು ತೋಟಕ್ಕೇ ಇಳಿಯುವುದಿಲ್ಲ, ಜಗಲಿಯಲ್ಲಿ ಫೋನ್ ನೋಡುತ್ತ ಕೂರುತ್ತಾರೆ. ತೋಟಕ್ಕೆ ಇಳಿಯದಷ್ಟೂ ಕೆಲಸ ಹಾಳು, ಕೆಲಸ ಹಾಳಾದಷ್ಟೂ ಬೇಜಾರು, ಬೇಜಾರಾದಷ್ಟೂ ಇಳಿಯಲು ಮನಸ್ಸಿಲ್ಲ. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಅವರು ಕಾಯುತ್ತಿದ್ದಾರೆ. ಥೆರಪಿಸ್ಟ್ ಇದನ್ನು ತಿರುಗಿಸುತ್ತಾರೆ: ಮನಸ್ಸಿಲ್ಲದಿದ್ದರೂ ನಾಳೆ ಬೆಳಿಗ್ಗೆ ಪಂಪ್‌ಶೆಡ್‌ವರೆಗೆ ಹೋಗಿ ಬನ್ನಿ, ಹತ್ತು ನಿಮಿಷ. ಹೋಗುವ ಮೊದಲು, ಬಂದ ಮೇಲೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಿರಿ. ಮುಂದಿನ ವಾರ ಅರ್ಧ ಗಂಟೆ. ಇದರಿಂದ ಅಡಿಕೆ ವಾಪಸ್ ಮರಕ್ಕೆ ಹತ್ತುವುದಿಲ್ಲ. ಸಾಲ ಸಾಲವೇ. ಬ್ಯಾಂಕಿನವರ ಹತ್ತಿರ ಹೋಗಿ ಕಂತು ಮುಂದೂಡಲು ಮಾತಾಡುವಷ್ಟು ಕಾಲಿಗೆ ಬಲ ಬರುತ್ತದೆ. ಅದು ಸಣ್ಣ ವಿಷಯವೇನಲ್ಲ.

ಬಸ್ಸಿನಲ್ಲಿ ಉಸಿರು ಕಟ್ಟಿದಂತಾಗಿ, ಸಾಯುತ್ತೇನೆ ಅನ್ನಿಸಿ ಇಳಿದುಬಿಟ್ಟವರಿಗೆ ಬೇರೆ ಬಗೆ. ಹೃದಯದ ತೊಂದರೆ ಅಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ಅದು ಇಳಿಯುವ ಮೊದಲೇ ನಾವು ಬಸ್ಸಿಂದ ಇಳಿಯುವುದರಿಂದ ‘ಇಳಿದದ್ದಕ್ಕೇ ಬದುಕಿದೆ’ ಎಂಬ ಪಾಠ ಕಲಿಯುತ್ತೇವೆ. ಥೆರಪಿಯಲ್ಲಿ ಈ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ. ಮೊದಲು ನಿಂತ ಬಸ್ಸಿನಲ್ಲಿ ಕೂರುವುದು. ಆಮೇಲೆ ಕುಂಬಳೆಯಿಂದ ಬಂದ್ಯೋಡಿಗೆ ಜೊತೆಗೊಬ್ಬರ ಸಂಗಡ. ಆಮೇಲೆ ಒಬ್ಬರೇ ಉಪ್ಪಳ, ಹೊಸಂಗಡಿ, ತಲಪಾಡಿ. ಹೆದರಿಕೆ ಇಳಿಯುವವರೆಗೆ ಆಯಾ ಮೆಟ್ಟಿಲಲ್ಲೇ ಇರಬೇಕು.

ಸಿಬಿಟಿ ಸಾಮಾನ್ಯವಾಗಿ 8ರಿಂದ 20 ಸಲ. ಬೇರೆ ಬಗೆಯ ಥೆರಪಿಗಳು ವರ್ಷಗಟ್ಟಲೆ ನಡೆಯುವುದೂ ಇದೆ. ನಡುವೆ ಕೆಲವು ದಿನ ಹೋಗಿ ಬಂದ ಮೇಲೆ ಮನಸ್ಸು ಇನ್ನೂ ಕೆಡುತ್ತದೆ, ಮುಚ್ಚಿಟ್ಟದ್ದನ್ನು ತೆರೆದಿದ್ದೀರಲ್ಲ. ಅದನ್ನು ಮುಂದಿನ ಸಲ ಹೇಳಿ, ಬಿಟ್ಟು ಓಡಬೇಡಿ. ಆದರೆ ನಾಲ್ಕೈದು ಸಲವಾದರೂ ನಿಮ್ಮ ಮಾತು ಅವರಿಗೆ ಮುಟ್ಟುತ್ತಿಲ್ಲ ಅನ್ನಿಸಿದರೆ, ಜಾತಿ, ಮದುವೆ, ದೇವರ ವಿಷಯದಲ್ಲಿ ಅವರದ್ದೇ ಅಭಿಪ್ರಾಯ ಹೇರುತ್ತಿದ್ದರೆ, ಬದಲಿಸಿ. ಅದಕ್ಕೆ ದಾಕ್ಷಿಣ್ಯ ಬೇಡ.

ಹೆಜ್ಜೆ 7: ಮಾತ್ರೆ ಬೇಕೆಂದರೆ

ಖಿನ್ನತೆ ಹಗುರವಾಗಿದ್ದರೆ ಥೆರಪಿಯೊಂದೇ ಸಾಕಾಗುವುದುಂಟು. ಜೋರಿದ್ದರೆ ಎರಡೂ ಬೇಕು. ಕೆಲವು ಕಾಯಿಲೆಗಳಿಗೆ ಮಾತ್ರೆ ತಪ್ಪಿಸುವಂತೆಯೇ ಇಲ್ಲ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಓಕರಿಕೆ, ತಲೆನೋವಿನಂಥ ಉಪದ್ರ ಮಾತ್ರ ಮೊದಲ ವಾರವೇ ಬರುತ್ತದೆ. ಅಲ್ಲಿಗೇ ಬಿಟ್ಟುಬಿಡುವವರು ತುಂಬ ಮಂದಿ. ಆ ವಾರ ದಾಟಿಸಿ, ಸಹಿಸಲಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವಾಗ ಮೆಲ್ಲ ಮೆಲ್ಲ ಇಳಿಸಬೇಕು.

‘ನಿದ್ದೆ ಮಾತ್ರೆ’ ಬೇರೆ ಜಾತಿ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ತಿಂಗಳುಗಟ್ಟಲೆ ತಿಂದರೆ ಅಭ್ಯಾಸವಾಗುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲಿನಿಂದ ತಂದು ತಿನ್ನುವುದನ್ನು ಇವತ್ತೇ ಡಾಕ್ಟರಿಗೆ ಹೇಳಿ. ಥಟ್ಟನೆ ನಿಲ್ಲಿಸುವುದೂ ಅಪಾಯ.

ಹೆಜ್ಜೆ 8: ಮನೆಯವರ ಪಾಲು

“ನಿನಗೇನು ಕಡಿಮೆ ಮಾಡಿದ್ದೇವೆ?” ಎಂಬ ಮಾತನ್ನು ಬಿಟ್ಟುಬಿಡಿ. “ನಿಮ್ಮ ಕಾಲದಲ್ಲಿ ಇದೆಲ್ಲ ಇತ್ತಾ ಅಜ್ಜಿ?” ಎಂಬ ನಗೆಯೂ ಬೇಡ. ಇತ್ತು, ಹೆಸರು ಬೇರೆ ಇತ್ತು. “ನಾಡಿದ್ದು ಆಸ್ಪತ್ರೆಗೆ ನಾನೂ ಬರ್ತೇನೆ, ಹೊರಗೆ ಕೂತಿರ್ತೇನೆ” ಅನ್ನಿ. ಸಾಕು.

ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವ ವಿಷಯ ಬಂದೇ ಬರುತ್ತದೆ. ನಾಗನ ದೋಷ, ದೈವದ ಬೇಡಿಕೆ, ಯಾರೋ ಮಾಡಿಸಿದ ಮಾಟ. ಮನೆಯ ಹಿರಿಯರ ಹತ್ತಿರ ಇದರ ಬಗ್ಗೆ ವಾದಕ್ಕೆ ನಿಂತು ಗೆದ್ದವರನ್ನು ನಾನು ಕಂಡಿಲ್ಲ. ತಂಬಿಲ ಕೊಡಲಿ, ಹರಕೆ ತೀರಿಸಲಿ, ದರ್ಗಾಕ್ಕೆ ಹೋಗಲಿ. ಮನಸ್ಸಿಗೆ ಧೈರ್ಯ ಬಂದರೆ ಒಳ್ಳೆಯದೇ. ಷರತ್ತು ಎರಡೇ: ಮಾತ್ರೆ ನಿಲ್ಲಿಸಬಾರದು, ಹೊಡೆದು ಬಡಿದು ಕಟ್ಟಿಹಾಕುವ ‘ಚಿಕಿತ್ಸೆ’ಗೆ ಒಪ್ಪಬಾರದು. ಮಾನಸಿಕ ಕಾಯಿಲೆ ಇರುವವರನ್ನು ಸಂಕೋಲೆ ಹಾಕಿ ಕಟ್ಟುವುದನ್ನು 2017ರ ಕಾಯ್ದೆ ಯಾವ ರೀತಿಯಲ್ಲೂ ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ನೋಡಿಕೊಳ್ಳುವವರ ಮನಸ್ಸಿನ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದು. ಸರ್ಕಾರಿ ಗೇರುತೋಟಗಳಿಗೆ ಎರಡು ದಶಕಕ್ಕೂ ಮೇಲೆ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಪಂಚಾಯತುಗಳಲ್ಲಿ ಇಪ್ಪತ್ತು ಮೂವತ್ತು ವರ್ಷದ ಮಕ್ಕಳನ್ನು ಇವತ್ತಿಗೂ ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಪರಿಹಾರದ ಕಡತಗಳಲ್ಲಿ ಮಕ್ಕಳ ಹೆಸರಿದೆ. ತಾಯಿಯ ನಿದ್ದೆ, ಬೆನ್ನುನೋವು, ‘ನಾನು ಸತ್ತರೆ ಇವನಿಗೆ ಯಾರು’ ಎಂಬ ಯೋಚನೆಗೆ ಯಾವ ಕಡತವೂ ಇಲ್ಲ. ಇಂಥವರಿಗೆ “ಕೌನ್ಸೆಲಿಂಗಿಗೆ ಹೋಗಿ” ಅನ್ನುವ ಮೊದಲು ನಾಲ್ಕು ಗಂಟೆ ಬಿಡುವು ಕೊಡಿಸಬೇಕು. ಹತ್ತಿರ ಬೌದ್ಧಿಕ ಅಂಗವೈಕಲ್ಯ ಇರುವವರ ‘ಬಡ್ಸ್’ ಶಾಲೆ ಇದ್ದರೆ ಹಗಲಿಗೆ ಅದು ಆಸರೆ. ಇಲ್ಲದ ಕಡೆ ನೆರೆಯವರೋ ಕುಟುಂಬಶ್ರೀ ಗುಂಪಿನವರೋ ವಾರಕ್ಕೊಂದು ಮಧ್ಯಾಹ್ನ ಬಂದು ಕೂರಲಿ. ಆ ಬಿಡುವಿನಲ್ಲಿ ಅವರು ಮಲಗಿದರೂ ಸರಿ, ಡಾಕ್ಟರ ಹತ್ತಿರ ಹೋದರೂ ಸರಿ.

ಹೆಜ್ಜೆ 9: ದಿನದಿನದ ಕೆಲಸ, ಮುಗಿದ ಮೇಲಿನ ಎಚ್ಚರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಸಂಜೆಯ ಮೇಲೆ ಚಹಾ ಕಾಫಿ ಬೇಡ. ದಿನಾ ಅರ್ಧ ಗಂಟೆ ಬೆವರು ಬರುವಷ್ಟು ನಡೆಯಿರಿ. ಫೋನನ್ನು ಹಾಸಿಗೆಗೆ ತರಬೇಡಿ. ವಾರಕ್ಕೊಮ್ಮೆಯಾದರೂ ಗ್ರಂಥಾಲಯವೋ ಭಜನೆಯೋ ವಾಲಿಬಾಲ್ ಮೈದಾನವೋ, ನಾಲ್ಕು ಜನರಿರುವ ಕಡೆ ಹೋಗಿ. ಇವೆಲ್ಲ ಥೆರಪಿಗೆ ಬದಲಿ ಆಗುವುದಿಲ್ಲ, ಆದರೆ ಇವಿಲ್ಲದೆ ಥೆರಪಿಯೂ ಹಿಡಿಯುವುದಿಲ್ಲ.

ಆರೋಗ್ಯ ವಿಮೆ ಇದ್ದವರು ಒಮ್ಮೆ ಪಾಲಿಸಿ ತೆಗೆದು ನೋಡಿ. ಮೈಯ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೂ ವಾರ ವಾರದ ಥೆರಪಿಯ ಖರ್ಚನ್ನು ಎಲ್ಲ ಪಾಲಿಸಿಗಳೂ ಕೊಡುವುದಿಲ್ಲ, ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುವವೂ ಇವೆ.

ಥೆರಪಿ ಮುಗಿಯುವ ಹೊತ್ತಿಗೆ ಥೆರಪಿಸ್ಟಿನ ಜೊತೆ ಕೂತು ಒಂದು ಹಾಳೆ ಬರೆಯಿಸಿಕೊಳ್ಳಿ: ನನಗೆ ಮತ್ತೆ ಕೆಡುತ್ತಿದೆ ಅಂತ ಮೊದಲು ಗೊತ್ತಾಗುವುದು ಯಾವುದರಿಂದ. ಒಬ್ಬರಿಗೆ ಅದು ಮೂರು ಗಂಟೆಯ ಎಚ್ಚರ, ಇನ್ನೊಬ್ಬರಿಗೆ ಫೋನ್ ಎತ್ತದಿರುವುದು, ಮತ್ತೊಬ್ಬರಿಗೆ ಗಡ್ಡ ಬಿಡುವುದು. ಅದು ಕಂಡ ವಾರವೇ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿರಲಿ. ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಮನೆಯಲ್ಲಿ ನೀವು ಸಿಟ್ಟು ಮಾಡಿಕೊಳ್ಳದೆ ಮಾತು ಕೇಳುವ ಒಬ್ಬರ ಹತ್ತಿರ. ಮೊದಲ ಆರು ತಿಂಗಳು ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ ಹೋಗಿ ಬರಲು ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ಚೆನ್ನಾಗಿದ್ದೇನೆ ಅನ್ನಿಸಿದರೂ ಆ ದಿನ ತಪ್ಪಿಸಬೇಡಿ.